ಒಂದು ಸೂತಿಗಿಂತ ಕಮ್ಮಿ

ಸಾಬವ್ವ ಮೂರನೆಯ ಸಲ ಎಡವಿದ್ದೂ ಅದೇ ಜಾಗದಲ್ಲಿ, ಮೊದಲ ಮಹಡಿಯ ದಾರಿಯಲ್ಲಿ ನಡುವಿನ ತಿರುವಿಗೆ ಏರುವ ಹತ್ತು ಮೆಟ್ಟಿಲುಗಳ ಕೊನೆಯದರಲ್ಲಿ. ತಲೆಯ ಮೇಲಿನ ಬುಟ್ಟಿಯಿಂದ ಕಲಸಿದ ಸಿಮೆಂಟು ಅರ್ಧ ಗೋಡೆಗೆ ಹಾರಿತು, ಉಳಿದರ್ಧ ಅವಳ ಹೆಗಲಿಗಿಳಿಯಿತು.

"ಕಣ್ಣ ನೆತ್ತಿಮ್ಯಾಲ ಅದಾವೇನ ನಿನಗ?" ಎಂದು ಮೇಲಿನಿಂದ ಶಿವರಾಯ ಮೇಸ್ತ್ರಿ ಗದರಿದ.

ಭಾರ ಹೊತ್ತವರು ಕೆಳಗೆ ನೋಡಿ ನಡೆಯುವುದಿಲ್ಲ. ನೋಡಿದರೆ ಬುಟ್ಟಿ ಉಳಿಯುವುದಿಲ್ಲ. ದಾರಿ ನೋಡುವ ಕೆಲಸ ಕಾಲಿನದು, ಮತ್ತು ಒಂಬತ್ತು ವರ್ಷದಿಂದ ಮೆಟ್ಟಿಲು ಹತ್ತಿದ ಸಾಬವ್ವನ ಕಾಲಿಗೆ ಸುಳ್ಳು ಹೇಳಿ ಗೊತ್ತಿರಲಿಲ್ಲ. ಒಂಬತ್ತು ಮೆಟ್ಟಿಲು ಒಂದೇ ಸಮ ಎತ್ತಿದ ಹೆಜ್ಜೆ ಹತ್ತನೆಯದಕ್ಕೆ ಬಂದಾಗ ನೆಲ ಸಿಗದೆ ದಡಕ್ಕನೆ ಇಳಿಯುತ್ತಿತ್ತು. ತಪ್ಪು ತನ್ನದಲ್ಲ ಎಂದು ಅವಳಿಗೆ ಖಾತ್ರಿಯಾಯಿತು. ಆದರೆ ಬುಟ್ಟಿ ಹೊರುವವಳ ಮಾತನ್ನು ಗೋಡೆ ಕಟ್ಟುವ ಗವಂಡಿಯ ಮುಂದೆ ಯಾರು ಕೇಳಬೇಕು?

ತೊಂಬತ್ನಾಲ್ಕನೆಯ ಇಸವಿ. ದೊಡ್ಡ ಶಹರದ ಅಂಚಿನ ನೆರೂಳದಲ್ಲಿ ನಾಲ್ಕು ಮಹಡಿಯ ಆ ಕಟ್ಟಡ ಏಳುತ್ತಿತ್ತು. ಸಿಂದಗಿ ಕಡೆಯಿಂದ ಬಂದ ಸಾಬವ್ವ ಅಲ್ಲೇ ತಗಡಿನ ಶೆಡ್ಡಿನಲ್ಲಿದ್ದಳು. ಉಡುಪಿ ಕಡೆಯ ಎಂಜಿನಿಯರ್ ಮುರಾರಿ ಕೊಟ್ಟ ನಕ್ಷೆಯಲ್ಲಿ ಎಲ್ಲವೂ ಮಿಲಿಮೀಟರಿನಲ್ಲಿತ್ತು. ಶಿವರಾಯ ಹುಟ್ಟಾ ಫೂಟಿನವನು. ಹನ್ನೆರಡು ಇಂಚಿಗೆ ಒಂದು ಫೂಟು, ಎಂಟು ಸೂತಿಗೆ ಒಂದು ಇಂಚು, ಸೂತಿಗಿಂತ ಸಣ್ಣದು ಅವನ ಲೆಕ್ಕದಲ್ಲಿ ದೇವರ ಪಾಲು. ಇಪ್ಪತ್ತೈದು ಮಿಲಿಮೀಟರಿಗೆ ಒಂದು ಇಂಚು ಎಂದು ಬಾಯಲ್ಲೇ ಹೊರಳಿಸಿ, ಇಂಚಿನಲ್ಲೇ ಕಟ್ಟುತ್ತಿದ್ದ. ಚಹಾದ ಹೊತ್ತಿಗೆ ಇಬ್ಬರಿಗೂ ದಿನಾ ಇದೇ ಜಗಳ.

"ದೇಶವೇ ಮೀಟರಿಗೆ ಹೋಗಿ ಮೂವತ್ತು ವರ್ಷ ಆಯ್ತು ಮಾರಾಯ್ರೆ," ಅನ್ನುತ್ತಿದ್ದ ಮುರಾರಿ.

"ದೇಶ ಹೋಗ್ಲಿ ಸಾಹೇಬ್ರ. ಇಟ್ಟಂಗಿ ಇನ್ನಾ ಒಂಬತ್ತಿಂಚಿಂದ ಅದ. ನೀವರ ಫ್ಲಾಟ್ ಯಾವುದ್ರಾಗ ಮಾರ್ತೀರಿ? ಸ್ಕ್ವೇರ್ ಫೂಟಿನ್ಯಾಗ!"

ಮುರಾರಿ ಚಹಾದ ಲೋಟ ಎತ್ತಿ ಕುಡಿದ.

ಸಾಬವ್ವ ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದುದಕ್ಕೆ ಕಾರಣವಿತ್ತು. ಅವಳಿಗೂ ಗವಂಡಿಯ ಹಾಗೆ ಸಿಮೆಂಟು ಮೆತ್ತುವ ಕರಣಿ ಹಿಡಿಯಬೇಕಿತ್ತು. ಹೆಣ್ಣುಮಗಳು ಬುಟ್ಟಿ ಹೊರಬೇಕು, ಗಂಡಸು ಕರಣಿ ಹಿಡಿಯಬೇಕು ಎಂಬುದು ಯಾರೂ ಬರೆಯದ, ಎಲ್ಲರೂ ಪಾಲಿಸುವ ಕಾನೂನು. ಹೋದ ವರ್ಷ ಕೆಲಸದ ಆಯುಧಗಳನ್ನು ಪೂಜಿಸುವ ಖಂಡೇಪೂಜೆಯ ದಿನ ಕುಂಕುಮ ಹಚ್ಚಿಟ್ಟ ಕರಣಿಗಳ ಮುಂದೆ ಅವಳು ಬಾಯಿಬಿಟ್ಟು ಕೇಳಿಯೇ ಬಿಟ್ಟಿದ್ದಳು. ಶಿವರಾಯ ನಗಲಿಲ್ಲ, ಅಷ್ಟರ ಮಟ್ಟಿಗೆ ಒಳ್ಳೆಯವನು. "ಆರೂವರಿ ಇಂಚು, ಮ್ಯಾಲ ಮೂರು ಸೂತು. ಇಂಥಾ ಒಂಬತ್ತು ಇಟ್ಟರ ಎಷ್ಟಾತು? ಹೇಳು, ಕರಣಿ ಹಿಡಿ," ಎಂದ. ಎಂಟರ ಮನೆ, ಹನ್ನೆರಡರ ಮನೆ ಎಂದು ಅಲೆದು ಅವಳ ತಲೆ ಗಿರ್ರೆಂದಿತು. ಸುತ್ತಲಿದ್ದವರು ಮಾತ್ರ ಹೊಟ್ಟೆ ಹಿಡಿದು ನಕ್ಕರು. ಆ ನಗು ಅವಳಿಗೆ ಇವತ್ತಿಗೂ ಉರಿಯುತ್ತಿತ್ತು.

ಮಧ್ಯಾಹ್ನ ಎಲ್ಲರೂ ರೊಟ್ಟಿ ಬಿಚ್ಚಿದಾಗ ಅವಳು ಮುರಾರಿಯ ಎದುರು ನಿಂತಳು.

"ಸಾಹೇಬ್ರ, ಆ ಮೆಟ್ಟಿಲಿನ ಪಾವಟಿಗಿ ನಕ್ಷಾದಾಗ ಎಷ್ಟೆಷ್ಟು ಎತ್ತರ ಅದಾವ್ರಿ?"

"ನೂರೈವತ್ತು ಮಿಲಿಮೀಟರು. ಟೇಪಿನಲ್ಲಿ ಹದಿನೈದರ ಅಂಕಿ. ಎಂತಕ್ಕೆ?"

"ಟೇಪ್ ಕೊಡ್ರಿ, ಹೇಳ್ತೀನಿ."

ಅಂಕಿ ಅವಳಿಗೆ ಗೊತ್ತಿತ್ತು. ಅದೇ ಶಹರದ ಇನ್ನೊಂದು ಅಂಚಿನ ಕಲ್ಯಾಣದಲ್ಲಿದ್ದ ತಂಗಿಯ ಮನೆಗೆ ಹೋಗುವ ಬಸ್ಸು ತಪ್ಪಬಾರದೆಂದು ಕಲಿತದ್ದು. ಟೇಪಿನ ಇಂಚಿನ ಅಂಚನ್ನು ಬಿಟ್ಟು ಇನ್ನೊಂದು ಅಂಚು ಹಿಡಿದಳು. ಇಲ್ಲಿ ಎಂಟೂ ಇಲ್ಲ, ಹನ್ನೆರಡೂ ಇಲ್ಲ. ಹತ್ತು ಸಣ್ಣ ಗೆರೆ ದಾಟಿದರೆ ಒಂದು ಅಂಕಿ, ಮತ್ತೆ ಹತ್ತು ದಾಟಿದರೆ ಮುಂದಿನದು. ಇಷ್ಟು ಸಾದಾ ಇದ್ದದ್ದನ್ನು ಇಷ್ಟು ದಿನ ಯಾರೂ ತನಗೆ ತೋರಿಸಲಿಲ್ಲವಲ್ಲ ಎಂದು ಅವಳಿಗೆ ಸಿಟ್ಟೇ ಬಂತು.

ಮೊದಲ ಮೆಟ್ಟಿಲು ಹದಿನೈದು ದಾಟಿ ಎರಡು ಗೆರೆ ಚಿಲ್ಲರೆ. ಎರಡನೆಯದೂ ಅಷ್ಟೇ. ಒಂಬತ್ತೂ ಅಷ್ಟೇ. ಹತ್ತನೆಯದು ಹನ್ನೆರಡರ ಮೇಲೆ ಎಂಟೇ ಗೆರೆ. ಒಂಬತ್ತು ಮೆಟ್ಟಿಲು ಚೂರುಚೂರು ಕದ್ದದ್ದನ್ನು ಹತ್ತನೆಯದು ಒಬ್ಬಂಟಿಯಾಗಿ ತೆತ್ತಿತ್ತು.

ಅವಳು ಕೆಳಗಿಳಿದು, ಎಲ್ಲರ ಎದುರಿಗೇ ಹೇಳಿದಳು. "ಕಾಕಾ, ಕೊನೀ ಪಾವಟಿಗಿ ಗಿಡ್ಡ ಅದ. ನಾಳೆ ಇಲ್ಲಿ ಮುದುಕರು ಹತ್ತತಾರ, ಬಸುರಿ ಹೆಣ್ಮಕ್ಕಳು ಹತ್ತತಾರ. ಬೀಳ್ತಾರ."

"ಸ್ಲ್ಯಾಬ್ ಹಾಕಿದವರು ಇಳಿಸಿ ಹಾಕ್ಯಾರ. ಮ್ಯಾಲ ಫರಸಿಕಲ್ಲು ಹಾಸುಮುಂದ ಮುಚ್ಚಿ ಹೋಗ್ತದ," ಎಂದ ಶಿವರಾಯ.

"ಸ್ಲ್ಯಾಬ್ ಬರೋಬ್ಬರಿ ಅದ. ನಿಮ್ಮ ಆರಿಂಚು ಹೆಚ್ಚಾಗ್ಯಾವ."

ರೊಟ್ಟಿ ಮುರಿಯುತ್ತಿದ್ದ ಕೈಗಳೆಲ್ಲ ನಿಂತವು. ಶಿವರಾಯನ ಮುಖ ಕೆಂಪಾಯಿತು. ಎದ್ದ, ಟೇಪು ಕಸಿದುಕೊಂಡು ಮೆಟ್ಟಿಲ ಬಳಿಗೆ ಹೋದ. ಇಂಚಿನಲ್ಲಿ ಅಳೆದ, ಸರಿಯಿತ್ತು. ಟೇಪು ತಿರುವಿ ಅಳೆದ. ಆರು ಇಂಚಿಗೂ ನೂರೈವತ್ತಕ್ಕೂ ನಡುವಿನ ಅಂತರ ಒಂದು ಸೂತಿಗಿಂತ ಕಮ್ಮಿ. ಮೂವತ್ತೈದು ವರ್ಷ ಸೂತು ನೋಡಿದ ಕಣ್ಣಿಗೆ ಅದು ಕಾಣುವಂಥದ್ದೇ ಅಲ್ಲ. ಆದರೆ ಒಂಬತ್ತು ಸಲ ಕೂಡಿದರೆ ಹತ್ತಿರ ಹತ್ತಿರ ಒಂದು ಇಂಚು. ಅವನು ಕುಕ್ಕರಗಾಲಲ್ಲಿ ಕೂತು ಹತ್ತನೆಯದನ್ನೂ ಅಳೆದ.

"ಒಡೀಬೇಕಾಗ್ತದೆ," ಎಂದ ಮುರಾರಿ ಮೆಲ್ಲಗೆ.

"ಬ್ಯಾರೆಯವರು ಮುಟ್ಟೂದು ಬ್ಯಾಡ. ನಾನ ಒಡೀತೀನಿ." ಸುತ್ತಿಗೆ ಎತ್ತಿಕೊಂಡವನು ಸಾಬವ್ವನ ಕಡೆ ತಿರುಗಿದ. "ಸೂತಿನ ಲೆಕ್ಕ ಬಂತೇನು?"

"ಇಲ್ಲ. ಬರೂದೂ ಬ್ಯಾಡ. ಗ್ವಾಡಿ ಮ್ಯಾಲ ಗುರುತು ನಾ ಹಾಕ್ತೀನಿ. ಕಟ್ಟೂದೂ ನಾನ."

"ನನ್ನ ಕರಣಿ ನಾ ಕೊಡೂದಿಲ್ಲ."

"ನಿಮ್ಮದು ಯಾರು ಕೇಳ್ಯಾರ್ರಿ ಕಾಕಾ?"

ಶೆಡ್ಡಿಗೆ ಹೋಗಿ ಜೋಳದ ಹಿಟ್ಟಿನ ಡಬ್ಬಿಯ ಹಿಂದಿನಿಂದ ಗಂಟು ತೆಗೆದು ಬಿಚ್ಚಿದಳು. ಆ ಖಂಡೇಪೂಜೆಯ ಮರುವಾರವೇ ಕಲ್ಯಾಣದ ಬಜಾರಿನಲ್ಲಿ ಕೊಂಡ ಕರಣಿ, ಸಿಮೆಂಟನ್ನೇ ಕಂಡಿರಲಿಲ್ಲ.

ಶಿವರಾಯ ಹಳೆಯ ಮೆಟ್ಟಿಲು ಒಡೆದು ಮುಗಿಸಿದ ಮೇಲೆ ಅವಳು ಗೋಡೆಯ ಮೇಲೆ ಇದ್ದಿಲಿನಿಂದ ಹದಿನೈದು, ಮೂವತ್ತು, ನಲವತ್ತೈದು ಎಂದು ಕೆಳಗಿಂದ ಮೇಲೆ ಗೆರೆ ಎಳೆದಳು. ಕೊನೆಯ ಗೆರೆ ಸ್ಲ್ಯಾಬಿನ ಅಂಚಿಗೆ ಕೂದಲಷ್ಟೂ ಆಚೀಚೆಯಾಗದೆ ಕೂತಿತು. ಮೊದಲೆರಡು ಮೆಟ್ಟಿಲು ಸೊಟ್ಟಗಾದವು. ತಾನೇ ಕಿತ್ತು ಮತ್ತೆ ಕಟ್ಟಿದಳು. ಬೆರಳ ಸಂದಿಯೆಲ್ಲ ಸಿಮೆಂಟು ತಿಂದು ಉರಿಯಿತು. ಶಿವರಾಯ ಬೀಡಿ ಸೇದುತ್ತ ದೂರದಿಂದ ನೋಡಿದ, ಒಮ್ಮೆ ಮಾತ್ರ "ಕೈ ಸಡಿಲ ಬಿಡು" ಎಂದ. ನಾಲ್ಕನೆಯ ದಿನ ಮೆಟ್ಟಿಲು ಒಣಗಿ ನಿಂತವು.

ಐದನೆಯ ದಿನ ಅವಳು ಮೇಲೆ, ಮುಂದಿನ ಮೆಟ್ಟಿಲ ಸಾಲಿಗೆ ಕೂತಿದ್ದಳು. ಕಲಸಿದ ಸಿಮೆಂಟಿನ ಮಾಲು ಮುಗಿಯಿತು. ಗವಂಡಿಗಳು ಹಾಕುವ ಕೂಗನ್ನು ಅವಳು ಒಂಬತ್ತು ವರ್ಷ ಕೇಳಿದ್ದಳೇ ಹೊರತು ಹಾಕಿರಲಿಲ್ಲ. ಈಗ ಕತ್ತು ಚಾಚಿ ಕೂಗಿದಳು. "ಏ, ಮಾಲು ತಾ!"

ಕೆಳಗೆ ಒಬ್ಬರೂ ಅಲುಗಲಿಲ್ಲ. ಹೆಂಗಸಿಗೆ ಮಾಲು ಹೊರುವುದೆಂದರೇನು? ಆಗ ಶಿವರಾಯ ಬೀಡಿ ಎಸೆದ, ರುಮಾಲು ಸುತ್ತಿ ಸಿಂಬಿ ಮಾಡಿ ತಲೆಗಿಟ್ಟ, ತುಂಬಿದ ಬುಟ್ಟಿ ಎತ್ತಿಕೊಂಡು ಹತ್ತತೊಡಗಿದ. ಕಣ್ಣು ನೆಟ್ಟಗೆ ಮುಂದೆ, ಕೆಳಗೆ ನೋಡಲೇ ಇಲ್ಲ. ಸಾಬವ್ವ ಅವನ ಹೆಜ್ಜೆಗಳನ್ನೇ ಎಣಿಸಿದಳು. ಎಂಟು, ಒಂಬತ್ತು, ಹತ್ತು.

ಕಾಲು ಎಡವಲಿಲ್ಲ. ಅವನು ಬುಟ್ಟಿಯನ್ನು ಅವಳ ಬಲಗೈಯ ಹತ್ತಿರ ಇಳಿಸಿದ.

"ತಗೋರಿ, ಗವಂಡ್ಯಾರ," ಎಂದ.