ಶೆಟ್ಟೆವ್ವನ ಹಣೆಯಿಂದ ನಲವತ್ತು ಮಿಲಿಗ್ರಾಂ

"ಆಯೀ, ಕೈ ತಗೀ! ಅದು ವಿಭೂತಿ ಅಲ್ಲಬೇ!"

ಇಂದ್ರವ್ವನ ಈ ಕೂಗಿಗೆ ದೊಡವಾಡದ ಎತ್ತುಗಳೆಲ್ಲ ಹಗ್ಗ ಹರಿದುಕೊಂಡವು, ಯರಗಟ್ಟಿ ಬಸ್ ಸ್ಟ್ಯಾಂಡಿನಲ್ಲಿ ಮಲಗಿದ್ದ ನಾಯಿ ಎದ್ದು ಕುಳಿತಿತು. ನಂಬಿಕೆ ಬರದಿದ್ದರೆ ಹೋಗಿ ನಾಯಿಯನ್ನೇ ಕೇಳಿ. ಆದರೆ ಕೂಗು ತಡವಾಗಿತ್ತು. ಎಪ್ಪತ್ತೆಂಟರ ಶೆಟ್ಟೆವ್ವ ಹಣೆ, ಕೊರಳು, ಎರಡೂ ತೋಳಿಗೆ ಮೂರು ಮೂರು ಬೆರಳು ಎಳೆದುಕೊಂಡು, ಅಂಗೈಯಲ್ಲಿ ಲಿಂಗ ಹಿಡಿದು ದೇವರ ಕೋಣೆಯಲ್ಲಿ ಕುಳಿತಿದ್ದಳು. ಮೊಮ್ಮಗಳ ಹದಿನಾಲ್ಕು ತಿಂಗಳ ದುಡಿತ ಆ ಮೈಮೇಲೆ ಬೆಳ್ಳಗೆ ಹೊಳೆಯುತ್ತಿತ್ತು.

"ಇದೆಂಥಾದ್ದು ತಂದಿಟ್ಟೀಬೇ ಇಂದ್ರಿ? ನೀರ ಹಾಕಿದ್ರ ನೀರ ಉರುಳಿ ಓಡತೈತಿ. ನಮ್ಮ ಹಳೇ ವಿಭೂತಿ ಒಂದೀಟು ಕಲಸಿದ ಮ್ಯಾಲ ಹತ್ತಿತು ನೋಡು."

"ಯಾರನ್ನ ಕೇಳಿ ಹಚ್ಚಿಕೊಂಡಿ?"

"ದೇವರ ಮನ್ಯಾಗ ಹಿತ್ತಾಳಿ ಬಟ್ಟಲದಾಗ ಬಿಳೇ ಪುಡಿ ಇಟ್ಟಿದ್ದಿ. ಹಚ್ಚಿಕೊಳ್ಳಾರದ ಉಪ್ಪಿಟ್ಟ ಮಾಡಬೇಕಾಗಿತ್ತೇನು?"

ಇಂದ್ರವ್ವ ರಸಾಯನಶಾಸ್ತ್ರದ ಸಂಶೋಧನಾ ವಿದ್ಯಾರ್ಥಿನಿ. ಅದು ಎರಡು ಸಾವಿರದ ನಾಲ್ಕರ ಇಸವಿ. ಧಾರವಾಡದ ಪ್ರಯೋಗಾಲಯದಲ್ಲಿ ಪುಡಿ ಒಣಗಿಸುವ ಒಲೆ ಕೆಟ್ಟು ಕುಳಿತಿತ್ತು. ಶನಿವಾರ ಸಂಜೆ ಪುಡಿಯನ್ನು ಊರಿಗೆ ತಂದ ಇಂದ್ರವ್ವ ಒಣಹಾಕಲು ಮನೆಯೆಲ್ಲ ಜಾಗ ಹುಡುಕಿದಳು. ಪಡಸಾಲೆಯಲ್ಲಿ ಶೇಂಗಾ ಧೂಳು, ಅಟ್ಟದಲ್ಲಿ ಹತ್ತಿಯ ಎಳೆ, ಅಡಿಗೆಮನೆಯಲ್ಲಿ ಹೊಗೆ. ಧೂಳಿಗೆ ಪ್ರವೇಶವಿಲ್ಲದ್ದು ದೇವರ ಕೋಣೆಯೊಂದೇ. ಬಟ್ಟಲಲ್ಲಿ ಸುರುವಿ, ತೆಳು ಬಟ್ಟೆ ಮುಚ್ಚಿ, ಜಗತ್ತಿನಲ್ಲೇ ಇದಕ್ಕಿಂತ ಸುರಕ್ಷಿತ ಜಾಗ ಇಲ್ಲವೆಂದು ಮಲಗಿದ್ದಳು.

ಆ ಪುಡಿ ಅಂತಿಂಥದ್ದಲ್ಲ. ಪಾಲಿಮರಿನ ಗುಂಡುಗಳು, ನೂರು ಗುಂಡು ಸಾಲಾಗಿ ನಿಂತರೆ ಒಂದು ತಲೆಗೂದಲಿನ ಅಗಲ. ಒಂದೊಂದು ಗುಂಡಿನೊಳಗೂ ಉದ್ದನೆಯ ಸರಪಳಿಗಳು ಹಗ್ಗದಂತೆ ಹುರಿಗೊಂಡಿದ್ದವು, ಎಲ್ಲವೂ ಒಂದೇ ದಿಕ್ಕಿಗೆ. ಮಠದ ಮುಂದೆ ಸಾವಿರ ಜೊತೆ ಚಪ್ಪಲಿ ಕಲಸಿ ಬಿದ್ದಿವೆ ಅನ್ನಿ, ಎಡಗಾಲಿನವನ್ನಷ್ಟೇ ಆರಿಸಿ ತೆಗೆಯುವ ಪುಡಿ ಅದು. ಔಷಧದ ಕಣಗಳಲ್ಲೂ ಹಾಗೇ ಎಡ ಬಲ ಇರುತ್ತದೆ. ಒಂದು ರೋಗ ಕಳೆದರೆ ಅದರ ಜೋಡಿ ರೋಗ ತರಬಹುದು. ಬೇರ್ಪಡಿಸುವುದೇ ಕಷ್ಟ. ಮುಂದಿನ ಶನಿವಾರ ಸಮಿತಿಯ ಮುಂದೆ ಈ ಪುಡಿ ಕೆಲಸ ಮಾಡುತ್ತದೆಂದು ತೋರಿಸದಿದ್ದರೆ ಇಂದ್ರವ್ವನ ಸಂಶೋಧನೆಯ ಸೀಟು ರದ್ದು. ಹೊಸದಾಗಿ ಮಾಡಲು ಮೂರು ತಿಂಗಳು ಬೇಕು.

ಬಟ್ಟಲಲ್ಲಿ ಚಿಟಿಕೆಯೂ ಉಳಿದಿರಲಿಲ್ಲ. ಅವಳು ಅಳಲಿಲ್ಲ. ಪೂಜೆ ಮುಗಿಯುವತನಕ ಹೊಸ್ತಿಲಲ್ಲಿ ಕುಳಿತಳು. ಆಮೇಲೆ ಚೀಲದಿಂದ ಸ್ಪಿರಿಟ್ಟು, ಮೆತ್ತನೆಯ ಕುಂಚ, ಗಾಜಿನ ತಟ್ಟೆ ತೆಗೆದಳು.

"ಮುಂದ ಬಾ ಆಯಿ. ತೊಳೀತೇನಿ."

"ಅಯ್ಯ ಶಿವನ, ಥಂಡಿ ಹತ್ತತೈತಿಬೇ! ನನ್ನ ಬಾಣಂತನದಾಗೂ ಯಾರೂ ಹಿಂಗ ಕುಂಚ ಹಿಡದು ತೊಳದಿದ್ದಿಲ್ಲ."

"ಸುಮ್ನ ಕುಂಡ್ರು. ನಿನ್ನ ಹಣಿಮ್ಯಾಲ ನನ್ನ ಡಾಕ್ಟರಿಕಿ ಐತಿ."

ಹಣೆಯ ಒಂದೊಂದು ಸುಕ್ಕನ್ನೂ ನೇಗಿಲ ಸಾಲಿನಂತೆ ಹಿಡಿದು ಕುಂಚವಾಡಿಸಿದಳು. ತಟ್ಟೆ ಮುಚ್ಚಿಟ್ಟು, ಇನ್ನೊಂದು ತಟ್ಟೆ ಮುಂದಿಟ್ಟಳು.

"ಈಗ ನಿನ್ನ ಖರೇ ವಿಭೂತಿ ಹಚ್ಚಿಕೋ. ಅದನ್ನೂ ತೊಳೀತೇನಿ."

"ಹುಚ್ಚ ಹಿಡೀತೇನ ನಿನಗ?"

"ಪುಡೀದಲ್ಲ, ಮುದುಕಿ ಚರ್ಮದ್ದ ಕರಾಮತ್ತು ಅಂತ ನಾಳೆ ಯಾರರ ಅಂದಾರು. ಬರೇ ವಿಭೂತಿ, ಬರೇ ನೀನು. ಅದೂ ನನಗ ಬೇಕು."

ಶೆಟ್ಟೆವ್ವ ವಿಭೂತಿ ಗಟ್ಟಿ ಕೈಗೆತ್ತಿಕೊಂಡಳು. ಆಮೇಲೆ, ಮೊದಲಿಗಿಂತ ದಪ್ಪಗೆ, ಮತ್ತೆ ಮೂರು ಬೆರಳು ಎಳೆದುಕೊಂಡಳು.

ಸೋಮವಾರ ಪ್ರಯೋಗಾಲಯದಲ್ಲಿ ಎರಡೂ ತಟ್ಟೆಗಳಿಗೆ ಆಮ್ಲ ಬಿದ್ದದ್ದೇ ವಿಭೂತಿ ಸುಯ್ಯೆಂದು ನೊರೆಯೆದ್ದು ಕರಗಿತು. ಮೊದಲ ತಟ್ಟೆಯಲ್ಲಿ ಮಾತ್ರ ಬಿಳಿ ಪುಡಿ ಉಳಿಯಿತು. ತಂದದ್ದು ನಾನೂರು ಮಿಲಿಗ್ರಾಂ, ಉಳಿದದ್ದು ನಲವತ್ತು. ಎಡ ಬಲ ಕಲೆತ ದ್ರಾವಣವನ್ನು ಎರಡು ಸೀಸೆಗಳಿಗೆ ಹಾಕಿ, ಒಂದಕ್ಕೆ ಆ ಪುಡಿ, ಇನ್ನೊಂದಕ್ಕೆ ಎರಡನೆಯ ತಟ್ಟೆ ತೊಳೆದದ್ದು ಬೆರೆಸಿ, ಎಡದವು ಹರಳುಗಟ್ಟುತ್ತವೆಯೇ ಎಂದು ಕಾದಳು. ಪ್ರಯೋಗದ ಪುಸ್ತಕದಲ್ಲಿ ಬರೆದಳು: 'ನಲವತ್ತು ಮಿಲಿಗ್ರಾಂ. ನನ್ನ ಅಜ್ಜಿ ಶೆಟ್ಟೆವ್ವನ ಹಣೆ, ಕೊರಳು, ತೋಳಿನಿಂದ ಮರಳಿ ಪಡೆದದ್ದು.'

ಗುರುಗಳಾದ ನಿಜಗುಣಪ್ಪ ಅದನ್ನು ಓದಿ ಕನ್ನಡಕ ತೆಗೆದರು. "ಒಣಗಿಸುವಾಗ ಸ್ವಲ್ಪ ಕಳೀತು ಅಂತ ಬರದುಬಿಡವ್ವಾ. ಅದೂ ಸುಳ್ಳಲ್ಲ."

"ಖರೇನೂ ಅಲ್ಲರಿ ಸರ್."

"ನಗತಾರ."

"ನಗಲಿ ಬಿಡ್ರಿ. ಹಲ್ಲು ಅವರವು."

ಶನಿವಾರ ನಕ್ಕರು. ಹೊರಗಿನಿಂದ ಬಂದ ಪರೀಕ್ಷಕರು ಆ ಸಾಲನ್ನು ಗಟ್ಟಿಯಾಗಿ ಓದಿದಾಗ ಸಮಿತಿಯ ನಗೆಗೆ ಕಿಟಕಿಯ ಗಾಜು ಒಡೆಯುವುದೊಂದೇ ಬಾಕಿ. ಮೊದಲ ಸೀಸೆಯ ತಳದಲ್ಲಿ ಹರಳಿನ ಸೂಜಿಗಳು ಬೆಳೆದಿದ್ದವು. ಅವನ್ನು ಕರಗಿಸಿ ಬೆಳಕು ಹಾಯಿಸಿ ನೋಡಿದ್ದಾಗಿತ್ತು; ಎಲ್ಲವೂ ಎಡದವೇ. ಪರೀಕ್ಷಕರು ಅದನ್ನೂ ಒಪ್ಪದೆ ತಲೆಯಾಡಿಸಿದರು.

"ಹಣೆಯ ಬೆವರು, ಸತ್ತ ಚರ್ಮ, ಅವುಗಳಲ್ಲೂ ಎಡ ಬಲ ಇರುತ್ತದಲ್ಲಮ್ಮಾ? ಇದು ನಿಮ್ಮ ಪುಡಿಯ ಕೆಲಸ ಅಂತ ಹೇಗೆ ನಂಬುವುದು?"

ನಿಜಗುಣಪ್ಪ ಪೆನ್ನು ತೆರೆದು ಪುಸ್ತಕದ ಕಡೆ ಕೈಚಾಚಿದರು. "ಆ ಸಾಲು ಹೊಡದುಹಾಕೋಣ, ಇಂದ್ರವ್ವಾ."

ಇಂದ್ರವ್ವ ಸಾಲಿನ ಮೇಲೆ ಅಂಗೈ ಊರಿದಳು. "ಹೊಡೀಬ್ಯಾಡ್ರಿ ಸರ್. ಅದನ್ನ ಹೊಡದ್ರ ಎರಡನೇ ಸೀಸಿ ಯಾಕ ಇಟ್ಟೇನಿ ಅಂತ ಯಾರಿಗೆ ತಿಳೀಬೇಕ್ರಿ?" ಇನ್ನೊಂದು ಕೈಯಿಂದ ಆ ಸೀಸೆಯನ್ನು ಪರೀಕ್ಷಕರತ್ತ ಸರಿಸಿದಳು. "ಇದು ಬರೇ ನಮ್ಮ ಆಯಿ. ನೋಡ್ರಿ."

ಅವರು ಸೀಸೆಯನ್ನು ಕಿಟಕಿಯ ಬೆಳಕಿಗೆ ಎತ್ತಿದರು. ಓರೆ ಮಾಡಿದರು, ತಿರುಗಿಸಿದರು, ಉಗುರಿನಿಂದ ತಟ್ಟಿದರು. ಒಂದು ಹರಳೂ ಇಲ್ಲ. ಆಚೆಯ ರಸ್ತೆಯೂ, ರಸ್ತೆಯ ಬೇವಿನ ಮರವೂ ಅದರೊಳಗಿಂದ ತಿಳಿಯಾಗಿ ಕಾಣುತ್ತಿದ್ದವು.

ಪರೀಕ್ಷಕರು ಪುಸ್ತಕಕ್ಕಾಗಿ ಕೈಚಾಚಿದರು. ಇಂದ್ರವ್ವ ಅಂಗೈ ಎತ್ತಿದಳು. ಅವರು ಆ ಸಾಲನ್ನು ಈ ಸಲ ಮನಸ್ಸಿನಲ್ಲೇ ಓದಿ, ಅದರ ಕೆಳಗೇ ಸಹಿ ಹಾಕಿದರು. ಸಹಿಯ ಉದ್ದನೆಯ ಬಾಲ ಮೇಲಕ್ಕೆ ಹೋಗಿ ಶೆಟ್ಟೆವ್ವನ ಹೆಸರಿಗೆ ತಾಗಿ ನಿಂತಿತು. ಫ್ಯಾನಿನ ಗಾಳಿಗೆ ಹಾಳೆ ಏಳುತ್ತಿತ್ತು. ನಿಜಗುಣಪ್ಪ ಶಾಯಿ ಒಣಗುವತನಕ ಅದರ ಅಂಚನ್ನು ಬೆರಳಿನಿಂದ ಒತ್ತಿ ಹಿಡಿದರು.