ಮಾಲೀಕರ ಫೋನು

ಇನ್ನೊಂದು ಸಲ ಒತ್ತಿದರೂ ಆಪ್ ತೆರೆದುಕೊಳ್ಳಲಿಲ್ಲ. ಪರದೆಯ ಮೇಲೆ ಬಿಳಿ ಬಳೆಯೊಂದು ಸುಮ್ಮನೆ ಸುತ್ತುತ್ತಲೇ ಇತ್ತು. ಶೋರೂಮಿನ ಸೇಲ್ಸ್‌ನವನು ಫೋನನ್ನು ಕಿಟಕಿಯ ಹತ್ತಿರ ಹಿಡಿದ, ತಲೆಯ ಮೇಲೆತ್ತಿ ಹಿಡಿದ, ಕೊನೆಗೆ ಅಂಗಿಯ ತೋಳಿಗೆ ಒರೆಸಿಯೂ ನೋಡಿದ. ಎದುರಿಗೆ ನಿಂತಿದ್ದ ನೀಲಿ ಕಾರು ಬಾಗಿಲನ್ನೂ ತೆರೆಯಲಿಲ್ಲ, ದೀಪವನ್ನೂ ಮಿಟುಕಿಸಲಿಲ್ಲ.

"ಸರ್ವರ್ ಸ್ವಲ್ಪ ನಿಧಾನ ಇದೆ ಸಾರ್."

"ನಿಧಾನ ಅಲ್ಲಪ್ಪ, ಮಲಗಿಬಿಟ್ಟಿದೆ," ಎಂದ ನರ್ಸಮ್ಮನ ಗಂಡ. "ಪಾಪ, ಎಬ್ಬಿಸಬೇಡ. ನಡೀಯೇ, ಹೋಗೋಣ."

ನರ್ಸಮ್ಮನಿಗೆ ಒಳಗೊಳಗೇ ಹಾಲು ಕುಡಿದಷ್ಟು ಸಂತೋಷವಾಗಿತ್ತು. ಅದನ್ನು ಮುಖಕ್ಕೆ ಬರಗೊಡದೆ, "ಇರಿ ಅಂದ್ರೆ. ಕೀ ಇದೆಯಲ್ಲ, ಕೀ ಹಾಕಿ ತೆಗೀಲಿ. ಕಾರು ಓಡಿಸೋಕೆ ಬಂದಿದ್ದೀವೋ, ಫೋನ್ ನೋಡೋಕೆ ಬಂದಿದ್ದೀವೋ?" ಎಂದಳು. ಕೀ ಹಾಕಿದ ಮೇಲೆ ಕಾರು ಚೆನ್ನಾಗಿಯೇ ಓಡಿತು. ಗಂಡ ಪಕ್ಕದಲ್ಲಿ ಕೂತು ಇಡೀ ದಾರಿ, ಕೆಟ್ಟ ಸಂಬಂಧ ನೋಡಿಕೊಂಡು ಬಂದ ಹಿರಿಯನ ಹಾಗೆ ಮೂಗು ಮುರಿಯುತ್ತಿದ್ದ.

ಅವಳು ಮನೆಮನೆಗೆ ಹೋಗಿ ಗಾಯಕ್ಕೆ ಪಟ್ಟಿ ಬದಲಿಸುವ ನರ್ಸು. ಸಕ್ಕರೆ ಕಾಯಿಲೆಯವರ ಕಾಲು, ಆಪರೇಷನ್ ಆದವರ ಹೊಲಿಗೆ, ಮಲಗಿದಲ್ಲೇ ಮಲಗಿ ಬೆನ್ನು ಹುಣ್ಣಾದವರು. ಇಡೀ ದಿನ ಊರಿನ ಈ ಮೂಲೆಯಿಂದ ಆ ಮೂಲೆಗೆ ಓಡಾಟ. ಸ್ಕೂಟರಿಗೆ ಪೆಟ್ಟಿಗೆ ಕಟ್ಟಿಕೊಂಡು ತಿರುಗಿ ತಿರುಗಿ ಸೊಂಟ ಹೋಗಿತ್ತು. ಊರೊಳಗಿನ ಓಡಾಟಕ್ಕೆ ಕರೆಂಟಿನ ಕಾರೇ ಸರಿ ಎಂದು ಅವಳೇ ತೀರ್ಮಾನಿಸಿದ್ದಳು. ಯಾವ ಕಾರು ಎಂದು ತೀರ್ಮಾನಿಸುವ ಕೆಲಸ ಮಾತ್ರ, ಯಾರೂ ಕೊಡದೆಯೇ, ಗಂಡನ ಪಾಲಿಗೆ ಹೋಗಿತ್ತು. ದುಡಿಯುವವಳು ಅವಳು, ಓಡಿಸುವವಳೂ ಅವಳು. ಬಲಗಣ್ಣಿನ ದೃಷ್ಟಿ ಹೋದ ಮೇಲೆ ಅವನು ಸ್ಟೇರಿಂಗ್ ಮುಟ್ಟಿರಲಿಲ್ಲ. ಆದರೂ ಹೋದ ಶೋರೂಮಿನಲ್ಲೆಲ್ಲ ಅವಳನ್ನು ದಾಟಿಕೊಂಡು ಅವನ ಮುಖ ನೋಡಿಯೇ ಮಾತಾಡಿದ್ದರು. ಅವಳಿಗೆ ಬಣ್ಣ ಯಾವುದು ಬೇಕೆಂದು ಕೇಳಿದ್ದರು.

ಗಂಡ ಒಂದು ಕಾಲಕ್ಕೆ ಟಿವಿ ರಿಪೇರಿ ಅಂಗಡಿ ಇಟ್ಟಿದ್ದವನು. ಅಂಗಡಿ ಮುಚ್ಚಿದ ಮೇಲೆ ಕೈಗೆ ಕೆಲಸವಿಲ್ಲದೆ ಸೊರಗಿದ್ದ ಮನುಷ್ಯ ಕಾರಿನ ಮಾತು ಬಂದಾಗಿನಿಂದ ಚಿಗುರಿಕೊಂಡಿದ್ದ. "ಈಗಿನ ಕಾರು ಅಂದ್ರೆ ಚಕ್ರ ಇರೋ ಕಂಪ್ಯೂಟರು ಕಣೇ. ಬ್ಯಾಟರಿ, ಮೋಟಾರು ಎಲ್ಲರದ್ದೂ ಹೆಚ್ಚು ಕಡಿಮೆ ಒಂದೇ. ಸಾಫ್ಟ್‌ವೇರ್ ಯಾರದ್ದು ಚೆನ್ನಾಗಿದೆ, ಆಪ್ ಯಾರದ್ದು ಕೈ ಕೊಡಲ್ಲ, ಅದನ್ನ ನೋಡ್ಬೇಕು," ಎನ್ನುತ್ತಿದ್ದ. ಅವನ ಮನಸ್ಸು ಬಿಳಿ ಕಾರಿನ ಮೇಲೆ ಕೂತಿತ್ತು. ಅದರ ಆಪ್ ಕಣ್ಣು ಮಿಟುಕಿಸುವಷ್ಟರಲ್ಲಿ ತೆರೆದುಕೊಂಡಿತ್ತು. ಬ್ಯಾಟರಿ ಎಷ್ಟಿದೆ, ಯಾವ ಟೈರಿನಲ್ಲಿ ಗಾಳಿ ಕಡಿಮೆ, ಯಾವ ಬಾಗಿಲು ಸರಿಯಾಗಿ ಮುಚ್ಚಿಲ್ಲ, ಎಲ್ಲವನ್ನೂ ಅಲ್ಲಿನ ಸೇಲ್ಸ್ ಹುಡುಗಿ ತೋರಿಸಿದ್ದಳು. ಆಮೇಲೆ ನಕ್ಷೆ ತೆರೆದಿದ್ದಳು. ಊರಿನ ಬೀದಿಗಳ ಮೇಲೆ ಕೆಂಪು ಗೆರೆ, ಗೆರೆಯ ತುದಿಗೆ ಒಂದು ಹಸಿರು ಚುಕ್ಕಿ.

"ಕಾರು ಈಗ ಎಲ್ಲಿದೆ, ಬೆಳಗಿಂದ ಎಲ್ಲೆಲ್ಲಿ ನಿಂತಿತ್ತು, ಎಷ್ಟು ಹೊತ್ತು ನಿಂತಿತ್ತು, ಎಲ್ಲ ಮನೇಲೇ ಕೂತ್ಕೊಂಡು ನೋಡ್ಬಹುದು ಸಾರ್."

"ಭಲೇ!" ಎಂದಿದ್ದ ಗಂಡ.

ನರ್ಸಮ್ಮ ಆ ಹಸಿರು ಚುಕ್ಕಿಯನ್ನೇ ನೋಡಿದ್ದಳು. ಶನಿವಾರದ ಕೊನೆಯ ಪೇಷಂಟು ಸೇತುವೆಯಾಚೆ ಇದ್ದಾರೆ ಎಂದು ಅವಳು ಮನೆಯಲ್ಲಿ ಹೇಳುತ್ತ ಬಂದಿದ್ದಳು. ಅಲ್ಲಿ ಯಾವ ಪೇಷಂಟೂ ಇರಲಿಲ್ಲ. ಅಲ್ಲಿ ಅವಳ ಮಗಳಿದ್ದಳು.

ಮಗಳು ಗಂಡನ ಮನೆ ಬಿಟ್ಟು ಬಂದದ್ದು ಇಂಥದ್ದೇ ಒಂದು ಚುಕ್ಕಿಯ ದೆಸೆಯಿಂದ. ಅಳಿಯ ಅವಳ ಫೋನನ್ನು ತನ್ನ ಫೋನಿಗೆ ಜೋಡಿಸಿಕೊಂಡಿದ್ದ. ತರಕಾರಿ ಅಂಗಡಿಯಲ್ಲಿ ಹೆಚ್ಚು ಹೊತ್ತು ನಿಂತರೆ ಫೋನು ಬರುತ್ತಿತ್ತು. ಗೆಳತಿಯ ಬೀದಿಗೆ ತಿರುಗಿದರೆ ಬರುತ್ತಿತ್ತು. ಮೆಲ್ಲಗಿನ ದನಿಯಲ್ಲೇ ಕೇಳುತ್ತಿದ್ದನಂತೆ, ಒಂದು ದಿನವೂ ಬೈದವನಲ್ಲ. ತವರಿಗೆ ಬಂದು ಅದನ್ನೆಲ್ಲ ಹೇಳಿಕೊಂಡಾಗ ಅಪ್ಪ ಕೇಳಿದ್ದ: "ಹೊಡೆದನಾ? ಕುಡಿದನಾ? ಹೆಂಡತಿ ಎಲ್ಲಿದ್ದಾಳೆ ಅಂತ ಗಂಡ ನೋಡಿದ್ರೆ ಅದೂ ಒಂದು ತಪ್ಪಾ? ವಾಪಸ್ ಹೋಗು. ಹೋಗಲ್ಲ ಅಂದ್ರೆ ಈ ಮನೆ ಬಾಗಿಲಿಗೂ ಬರಬೇಡ." ಹೊಡೆದ ಗುರುತಾದರೂ ಇದ್ದಿದ್ದರೆ ತೋರಿಸಬಹುದಿತ್ತು. ನೋಡಿದ ಗುರುತನ್ನು ಯಾರಿಗೆ ತೋರಿಸುವುದು? ಮಗಳು ಚೀಲ ಎತ್ತಿಕೊಂಡು ಹೋದಳು, ಬಂದ ದಾರಿಯಲ್ಲಲ್ಲ. ಅಂದಿನಿಂದ ಆ ಮನೆಯಲ್ಲಿ ಅವಳ ಮಾತೇ ಇಲ್ಲ.

ನೀಲಿ ಕಾರು ನೋಡಿ ಬಂದ ಸಂಜೆ ಊಟಕ್ಕೆ ಕೂತಾಗ ನರ್ಸಮ್ಮ ಫೋನು ಹಿಡಿದುಕೊಂಡು ಆ ಕಾರಿನ ಪರವಾಗಿ ವಾದಕ್ಕಿಳಿದಳು. ಕೊಂಡವರು ಬರೆದಿದ್ದ ಬೈಗುಳಗಳನ್ನು ಹುಡುಕಿ ಹುಡುಕಿ, ಬಾಯಿ ಚಪ್ಪರಿಸಿಕೊಂಡು ಓದಿದ್ದಳು.

"ಇಲ್ಲಿ ನೋಡಿ, ಒಬ್ಬ ಬರ್ದಿದ್ದಾನೆ. ನನ್ನ ಕಾರು ಮನೆ ಮುಂದೆ ನಿಂತಿದೆ, ಆಪ್‌ನಲ್ಲಿ ನೋಡಿದ್ರೆ ಸಮುದ್ರದ ಮಧ್ಯೆ ತೋರಿಸ್ತಿದೆ ಅಂತ."

"ಅದು ಬೈಗುಳ ಕಣೇ! ಹೊಗಳಿಕೆ ಅಲ್ಲ."

"ಆದ್ರೂ ಕಾರು ಓಡ್ತಿದೆಯಂತಲ್ಲ. ಸಮುದ್ರದಲ್ಲಿದ್ರೂ ಓಡ್ತಿದೆ."

"ನಿನಗೇನಾಗಿದೆ? ಸಂತೇಲಿ ಕೊಳೆತ ಬದನೆಕಾಯೇ ಬೇಕು ಅಂತ ಹಟ ಹಿಡಿದವಳ ಹಾಗೆ ಆಡ್ತಿದ್ದೀಯ." ಗಂಡ ನಕ್ಕ. ಆಮೇಲೆ ತಟ್ಟೆ ನೋಡುತ್ತ ದನಿ ಇಳಿಸಿದ. "ಸ್ಕೂಟರಿಂದ ಬಿದ್ದು ನೀನು ಆಸ್ಪತ್ರೆ ಬೆಂಚಿನ ಮೇಲೆ ಕೂತಿದ್ದೆ ನೋಡು, ಆವತ್ತು ನಾನಿಲ್ಲಿ ಟಿವಿ ಹಾಕ್ಕೊಂಡು ನಗ್ತಾ ಕೂತಿದ್ದೆ. ಆ ನಗು ನೆನಪಾದ್ರೆ ಈಗ್ಲೂ ತುತ್ತು ಇಳಿಯಲ್ಲ. ನೀನು ಎಲ್ಲಿದ್ದೀಯ ಅಂತ ಗೊತ್ತಾದ್ರೆ ಸಾಕು ಕಣೇ ನನಗೆ. ಇನ್ನೇನೂ ಬೇಡ."

ಅವನು ಕೆಟ್ಟವನಾಗಿದ್ದರೆ ಎಷ್ಟೋ ಸುಲಭವಾಗುತ್ತಿತ್ತು. ಕೆಟ್ಟವನೆದುರು ಸುಳ್ಳು ಹೇಳಲು ನಾಲಿಗೆ ತಡವರಿಸುವುದಿಲ್ಲ. ಅವಳು ಫೋನು ಮಗುಚಿಟ್ಟು ಅವನ ಲೋಟಕ್ಕೆ ನೀರು ಬಗ್ಗಿಸಿದಳು.

ಶನಿವಾರ ಮಗಳ ಕೋಣೆಗೆ ಹೋದಳು. ಅದು ಲಾಂಡ್ರಿಯೊಂದರ ಮೇಲಿತ್ತು. ಕೆಳಗಿನ ಇಸ್ತ್ರಿಯ ಬಿಸಿಗೆ ನೆಲ ಸದಾ ಬೆಚ್ಚಗಿರುತ್ತಿತ್ತು, ಮೆಟ್ಟಿಲಿನುದ್ದಕ್ಕೂ ಸೋಪಿನ ವಾಸನೆ. ಮಗಳು ಹಲ್ಲಿನ ಸೆಟ್ಟು ತಯಾರಿಸುವ ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿದ್ದಳು. "ಊರಿನ ಅರ್ಧ ಮುದುಕರು ನಗೋದು ನನ್ನ ಹಲ್ಲಲ್ಲೇ ಅಮ್ಮ," ಎನ್ನುತ್ತ ಉಗುರಿನ ಸಂದಿಯಲ್ಲಿ ಕೂತಿದ್ದ ಗುಲಾಬಿ ಮೇಣವನ್ನು ಕೆರೆಯುತ್ತಿದ್ದಳು.

ನರ್ಸಮ್ಮ ಸಮುದ್ರದ ಮಧ್ಯೆ ನಿಂತ ಕಾರಿನ ಕಥೆ ಹೇಳಿದಳು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಅದಕ್ಕೇ ಅದನ್ನೇ ತಗೋಳ್ಳೋಣ ಅಂತಿದ್ದೀನಿ," ಎಂದಳು ತಾಯಿ, ಕಣ್ಣೊರೆಸಿಕೊಳ್ಳುತ್ತ. "ನಿಮ್ಮಪ್ಪ ಎಷ್ಟು ಹುಡುಕಿದ್ರೂ ನಾನು ಸಮುದ್ರದಲ್ಲೇ ಇರ್ತೀನಿ."

ಮಗಳ ನಗು ನಿಂತಿತು. "ಹೊರಗಡೆ ಚಾರ್ಜ್ ಹಾಕೋಕೂ ಅದೇ ಆಪ್ ಬೇಕಲ್ವಾ?"

"ಬೇಕಂತೆ. ಒಂದೊಂದು ಸಲ ಕೈ ಕೊಡತ್ತಂತೆ."

"ಯಾರದ್ದೋ ಕಾಲು ಕೀವು ಕಟ್ಟಿಕೊಂಡು ನಿನಗೆ ಕಾಯ್ತಿರತ್ತೆ. ನೀನು ದಾರೀಲಿ ಆಪ್ ತೆರೆಯೋದನ್ನೇ ಕಾಯ್ತಾ ಕೂತಿರ್ತೀಯ."

"ನಿನ್ನ ಹತ್ರ ಬರಬೇಕಲ್ಲೇ ನಾನು."

ಮಗಳು ಮತ್ತೆ ಉಗುರಿನ ಮೇಣ ಕೆರೆಯತೊಡಗಿದಳು. ಕೆಳಗೆ ಯಾರೋ ಲಾಂಡ್ರಿಯವನ ಜೊತೆ ಕಳೆದುಹೋದ ಅಂಗಿಗೆ ಜಗಳವಾಡುತ್ತಿದ್ದರು.

"ಅಲ್ಲಿಂದ ಹೊರಟು ಬಂದ ದಿನ ನಾನು ಫೋನ್ ಆಫ್ ಮಾಡಿರ್ಲಿಲ್ಲ ಅಮ್ಮ. ಆನ್ ಇಟ್ಕೊಂಡೇ ಬಂದೆ. ನಾನು ದೂರ ದೂರ ಹೋಗ್ತಾ ಇರೋದನ್ನ ಕೂತ್ಕೊಂಡು ನೋಡ್ಲಿ ಅಂತ." ಅವಳು ತಲೆಯೆತ್ತಿದಳು. "ನನ್ನನ್ನ ನೋಡೋಕೆ ಕದ್ದು ಬರ್ತೀಯಲ್ಲ, ನಾನು ಯಾರ ಮನೆ ಕದ್ದಿದ್ದೀನಿ?"

ಅಂಟಿಕೊಂಡ ಪಟ್ಟಿಯನ್ನು ನೀರು ಹಾಕಿ ನೆನೆಸಿ ನೆನೆಸಿ, ನೋವಾಗದ ಹಾಗೆ ಬಿಡಿಸುವುದು ನರ್ಸಮ್ಮನ ಕೈಗೆ ರೂಢಿಯಾಗಿತ್ತು. ಮನೆಯಲ್ಲೂ ಇಷ್ಟು ದಿನ ಅವಳು ಮಾಡಿದ್ದು ಬರೀ ನೆನೆಸುವ ಕೆಲಸ. ಬಿಡಿಸಿರಲಿಲ್ಲ.

ಬಿಳಿ ಕಾರೇ ಆಗಲಿ ಎಂದು ಅವಳು ಹೇಳಿದಾಗ ಗಂಡನಿಗೆ ನಂಬಿಕೆಯೇ ಬರಲಿಲ್ಲ. ಕಾರು ತರುವ ದಿನ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೊರಟ. ಶೋರೂಮಿನ ಹುಡುಗಿ ಇಬ್ಬರನ್ನೂ ಗಾಜಿನ ಮೇಜಿನ ಎದುರು ಕೂರಿಸಿದಳು.

"ಒಂದು ಫೋನು ಮಾಲೀಕರದ್ದು. ಮನೆಯವರೆಲ್ಲ ಸದಸ್ಯರಾಗಿ ಸೇರ್ಕೋಬಹುದು. ಸದಸ್ಯರಿಗೆ ಏನೇನು ಕಾಣಿಸಬೇಕು ಅನ್ನೋದನ್ನ ಮಾಲೀಕರು ತೀರ್ಮಾನ ಮಾಡ್ತಾರೆ. ಮಾಲೀಕರ ಫೋನು?" ಎನ್ನುತ್ತಲೇ ಅವಳ ಕೈ ಗಂಡನ ಕಡೆ ಚಾಚಿತ್ತು. ಅವನೂ ಆಗಲೇ ಫೋನನ್ನು ಮುಂದೆ ಹಿಡಿದಿದ್ದ.

"ನನ್ನದು ಹಾಕಮ್ಮ," ಎಂದಳು ನರ್ಸಮ್ಮ.

ಗಂಡ ಹುಡುಗಿಯ ಕಡೆ ನೋಡಿ ನಕ್ಕ. "ಇವಳಿಗೆ ಫೋನಲ್ಲಿ ಅಲಾರಂ ಇಡೋಕೂ ನಾನೇ ಬೇಕು. ನನ್ನದೇ ಹಾಕಿ."

"ಅಲಾರಂ ನೀವೇ ಇಡಿ. ಕಾರು ನಂದು."

ಹುಡುಗಿಯ ಕೈ ನಡುವಿನಲ್ಲೇ ನಿಂತಿತು. ಒಮ್ಮೆ ಇವನನ್ನು, ಒಮ್ಮೆ ಅವಳನ್ನು ನೋಡಿ, ಮೆಲ್ಲಗೆ ನರ್ಸಮ್ಮನ ಫೋನನ್ನೇ ತೆಗೆದುಕೊಂಡಳು. ಗಂಡನ ಫೋನು ಸದಸ್ಯನದಾಯಿತು. ಪರದೆಯ ಮೇಲೆ ಸಾಲಾಗಿ ಗುಂಡಿಗಳು ಬಂದವು.

"ಸಾರ್‌ಗೆ ಯಾವ್ಯಾವುದು ಇರ್ಲಿ ಮೇಡಂ?"

ಬ್ಯಾಟರಿ ಇರಲಿ ಎಂದಳು. ಬೀಗ ಇರಲಿ. ಎಸಿ, ಟೈರು ಎಲ್ಲ ಇರಲಿ. "ಕಾರಿಗೆ ಪೆಟ್ಟಾದ್ರೆ ಸಾರ್‌ಗೆ ತಾನಾಗೇ ಸುದ್ದಿ ಹೋಗತ್ತೆ, ಜಾಗದ ಸಮೇತ. ಇದು?" ಎಂದು ಹುಡುಗಿ ಕೇಳಿದಾಗ, "ಅದು ಖಂಡಿತ ಇರ್ಲಿ," ಎಂದು ತಾನೇ ಬೆರಳಿಟ್ಟು ಒತ್ತಿದಳು. ದಿನದ ಓಡಾಟ ತೋರಿಸುವ ನಕ್ಷೆಯ ಗುಂಡಿ ಬಂದಾಗ ಬೆರಳು ಎತ್ತಿಕೊಂಡಳು.

"ಅದೊಂದು ಮರ್ತೆ ನೋಡು," ಎಂದ ಗಂಡ.

"ಮರ್ತಿಲ್ಲ."

"ಮತ್ತೆ?"

"ಎಲ್ಲಿಗೆ ಹೋಗ್ತೀಯ ಅಂತ ಬಾಯಲ್ಲಿ ಕೇಳ್ರಿ. ಹೇಳ್ತೀನಿ. ಇನ್ಮೇಲೆ ಸುಳ್ಳು ಹೇಳಲ್ಲ."

"ಅಂದ್ರೆ ಇಷ್ಟು ದಿನ ಹೇಳ್ತಿದ್ದೆಯೇನೇ?" ಅವನು ತಮಾಷೆಗೇ ಕೇಳಿದ್ದ. ಹುಡುಗಿಯೂ ನಗಲು ಬಾಯಿ ತೆರೆದಿದ್ದಳು.

"ಹ್ಞೂಂ," ಎಂದಳು ನರ್ಸಮ್ಮ.

ಹುಡುಗಿ ನೀರು ತರುತ್ತೇನೆಂದು ಎದ್ದು ಹೋದಳು. ಗಂಡ ಗಾಜಿನ ಮೇಜಿನ ಕೆಳಗೆ ಕಾಣುತ್ತಿದ್ದ ತನ್ನ ಚಪ್ಪಲಿಗಳನ್ನು ನೋಡುತ್ತ ಕೂತ. ಯಾವ ಸುಳ್ಳು ಎಂದು ಅವನು ಕೇಳಲಿಲ್ಲ. ಕೇಳಿದರೆ ಅವಳು ಹೇಳಿಯೇ ಬಿಡುತ್ತಾಳೆಂಬುದರಲ್ಲಿ ಅವನಿಗೆ ಅನುಮಾನವೇ ಉಳಿದಿರಲಿಲ್ಲ.

ಕಾರು ಮನೆಗೆ ಬಂತು. ಮಾತು ನಿಂತಿತು. ಉಪ್ಪು ಕೊಡು, ಬಾಗಿಲು ಹಾಕು ಎನ್ನುವಷ್ಟಕ್ಕೆ ಮಾತ್ರ ಅವನು ಬಾಯಿ ಬಿಡುತ್ತಿದ್ದ. ಆದರೆ ಬೆಳಿಗ್ಗೆ ಅವಳು ಹೊರಡುವ ಮೊದಲೇ ಫೋನು ನೋಡಿ, "ಬ್ಯಾಟರಿ ತುಂಬಿದೆ," ಎಂದು ಗೋಡೆಗೆ ಹೇಳುವವನಂತೆ ಹೇಳುತ್ತಿದ್ದ. ಅವಳು ಕೆಲಸಕ್ಕೆ ಹೋಗುತ್ತಿದ್ದಳು, ಬರುತ್ತಿದ್ದಳು. ಸಂಜೆ ಅವನ ಫೋನು ತಟ್ಟೆಯ ಪಕ್ಕದಲ್ಲೇ ಇರುತ್ತಿತ್ತು, ನಕ್ಷೆ ಇರಬೇಕಾದ ಜಾಗ ಬೂದಿ ಬಣ್ಣದಲ್ಲಿ ಖಾಲಿ.

ಶನಿವಾರ ಮಧ್ಯಾಹ್ನ ನರ್ಸಮ್ಮ ಪಟ್ಟಿ, ಕತ್ತರಿಯ ಪೆಟ್ಟಿಗೆಯನ್ನು ಮನೆಯಲ್ಲೇ ಬಿಟ್ಟು, ಬರಿಗೈಯಲ್ಲಿ ಹೊರಗೆ ಬಂದಳು. ಗೇಟಿನೊಳಗೆ ನಿಂತಿದ್ದ ಕಾರಿಗೆ ಚಾರ್ಜಿನ ಕೇಬಲ್ ಇನ್ನೂ ಸಿಕ್ಕಿಸಿಯೇ ಇತ್ತು. ಗಂಡ ಹೊಸ್ತಿಲಲ್ಲಿ ನಿಂತಿದ್ದ. ಅವಳು ಕಾರಿನ ಬಾಗಿಲು ತೆರೆದಳು, ಆದರೆ ಕೂರಲಿಲ್ಲ.

ಅವನು ಗಂಟಲು ಸರಿಮಾಡಿಕೊಂಡ. ಮತ್ತೊಮ್ಮೆ ಸರಿಮಾಡಿಕೊಂಡ.

"ಎಲ್ಲಿಗೆ?"

"ಮಗಳ ಹತ್ರ."

ಬೀದಿಯಲ್ಲಿ ಸೈಕಲ್ಲೊಂದು ಬೆಲ್ಲು ಹೊಡೆಯುತ್ತ ದಾಟಿಹೋಯಿತು. ಅವನು ಅದು ಮರೆಯಾಗುವ ತನಕ ನೋಡಿದ, ಕಾಣುವ ಕಣ್ಣನ್ನು ಅತ್ತ ತಿರುಗಿಸಿ.

"ಎಲ್ಲಿದ್ದಾಳೆ?"

"ಸೇತುವೆ ದಾಟಿದ್ಮೇಲೆ ಎಡಕ್ಕೆ. ಒಂದು ಲಾಂಡ್ರಿ ಇದೆ, ಅದರ ಮೇಲಿನ ಕೋಣೆ. ಹಲ್ಲಿನ ಲ್ಯಾಬಿಗೆ ಹೋಗ್ತಾಳೆ. ಚೆನ್ನಾಗಿದ್ದಾಳೆ."

ಅವನು ತಲೆಯಾಡಿಸಲೂ ಇಲ್ಲ, ಒಳಗೆ ಹೋಗಲೂ ಇಲ್ಲ. ಮೆಟ್ಟಿಲಿಳಿದು ಬಂದು ಬಗ್ಗಿ, ಕಾರಿನಿಂದ ಪ್ಲಗ್ಗನ್ನು ಎಳೆದ. ಕೇಬಲ್ಲಿಗೆ ಅಂಟಿದ್ದ ಮಣ್ಣನ್ನು ಪಂಚೆಯ ತುದಿಯಿಂದ ಒರೆಸುತ್ತ, ಅಂಗೈಗೂ ಮೊಳಕೈಗೂ ನಡುವೆ ನಿಧಾನವಾಗಿ ಸುತ್ತತೊಡಗಿದ. ಅವಳು ಕೂತು ಬಾಗಿಲು ಹಾಕಿಕೊಂಡಳು. ಕಾರು ಸದ್ದಿಲ್ಲದೆ ಹೊರಗೆ ಬಂತು. ತಿರುವಿನಲ್ಲಿ ಕನ್ನಡಿ ನೋಡಿದಾಗ ಅವನು ತೆರೆದ ಗೇಟಿನ ನಡುವೆ, ಸುತ್ತಿದ ಕೇಬಲನ್ನು ಎರಡೂ ಕೈಯಲ್ಲಿ ಎದೆಗೆ ಹಿಡಿದುಕೊಂಡು, ಎಲ್ಲಿಡಬೇಕೆಂದು ತಿಳಿಯದವನಂತೆ ಇನ್ನೂ ನಿಂತೇ ಇದ್ದ.