ಬೀರಯ್ಯನ ಗದ್ದಿಗೆ ಕಂಬಳಿ

ನಾನು ಸುಳ್ಳು ಹೇಳುವುದು ನಿಂತುಕೊಂಡು ಮಾತ್ರ. ಇದು ಹುಟ್ಟಿನಿಂದ ಬಂದ ಗುಣವಲ್ಲ, ಗುಂಡ್ಲುಪೇಟೆಯ ಕುರುಬಗೇರಿಯಲ್ಲಿ ನಾಲ್ಕು ವರ್ಷ ಓಡಾಡಿ ಕಲಿತದ್ದು.

ನನ್ನ ಹೆಸರು ಗುರುಪಾದಸ್ವಾಮಿ. ಮೊದಲು ಬಸ್ಸಿನ ಟಿಕೆಟ್ ಏಜೆಂಟನಾಗಿದ್ದೆ. ಟಿಕೆಟ್ ಹರಿಯುವುದಕ್ಕಿಂತ ಮಾತು ಜಾಸ್ತಿ ಎಂದು ಮಾಲೀಕ ಬಿಡಿಸಿಬಿಟ್ಟ. ಮನೆಯಲ್ಲಿ ನಾನು ಬಾಯಿ ತೆರೆದರೆ ನನ್ನ ಹೆಂಡತಿ ಮಂಗಳಗೌರಿಗೆ ಹಿತ್ತಲಲ್ಲಿ ಕೆಲಸ ನೆನಪಾಗುತ್ತದೆ. ಹೋಟೆಲಿನಲ್ಲಿ ಬಾಯಿ ತೆರೆದರೆ ಪಕ್ಕದವನು ಪೇಪರು ಅಗಲ ಮಾಡಿಕೊಳ್ಳುತ್ತಾನೆ. ಹೀಗಿರುವಾಗ ದೇವರೇ ದಾರಿ ತೋರಿಸಿದ. ಮೈಸೂರಿನಿಂದ ಊಟಿಗೆ ಹೋಗುವ ಬಸ್ಸು, ಕಾರುಗಳೆಲ್ಲ ನಮ್ಮೂರಲ್ಲಿ ನಿಂತು, ಇಂಜಿನ್ನಿಗೆ ನೀರು ಕುಡಿಸಿಕೊಂಡೇ ಘಾಟಿ ಹತ್ತುವುದು. ಆ ಮುಕ್ಕಾಲು ಗಂಟೆ ಒಳಗಿದ್ದವರಿಗೆ ಮಾಡಲು ಏನೂ ಕೆಲಸವಿರುವುದಿಲ್ಲ. ನಾನು ಹೋಗಿ ಕೈಮುಗಿದು, ಊರು ನೋಡುತ್ತೀರಾ ಎಂದು ಕೇಳುತ್ತಿದ್ದೆ. ನನ್ನ ಹರಕು ಇಂಗ್ಲಿಷು, ಮುರುಕು ತಮಿಳು, ಕೇಳಿ ಕಲಿತ ಮಲಯಾಳ ಅವರಿಗೆ ಸಾಕಾಗುತ್ತಿತ್ತು.

ಗುಂಡ್ಲುಪೇಟೆಯಲ್ಲಿ ನೋಡುವುದಕ್ಕೆ ಏನಿದೆ ಎಂದು ಗುಂಡ್ಲುಪೇಟೆಯವರೇ ಕೇಳುತ್ತಾರೆ. ಪಾಳುಬಿದ್ದ ವಿಜಯನಾರಾಯಣನ ಗುಡಿ ಇದೆ. ಮರಿಮಲ್ಲಪ್ಪನ ತಾಮ್ರದ ಪಾತ್ರೆ ಅಂಗಡಿ ಇದೆ. ಬೀರಯ್ಯನ ಕಂಬಳಿ ಮಗ್ಗ ಇದೆ. ಗುಡಿಯ ಕೆಳಗಿಂದ ಗೋಪಾಲಸ್ವಾಮಿ ಬೆಟ್ಟಕ್ಕೆ ಸುರಂಗವಿದೆ ಎಂದೆ. ಮರಿಮಲ್ಲಪ್ಪನ ಚೆಂಬಿನಲ್ಲಿ ನೀರು ಕುಡಿದರೆ ಮಂಡಿನೋವು ಹೋಗುತ್ತದೆ ಎಂದೆ. ಬಂದವರು ಬಾಯಿ ಬಿಟ್ಟುಕೊಂಡು ಕೇಳಿದರು. ನನ್ನ ಮಾತನ್ನು ಅಷ್ಟು ಗಮನವಿಟ್ಟು ನನ್ನ ಮದುವೆಯ ಪುರೋಹಿತರೂ ಕೇಳಿರಲಿಲ್ಲ.

ತೊಡಕಿದ್ದದ್ದು ಬೀರಯ್ಯನ ಮನೆಯಲ್ಲಿ. ಅವನ ತಾಯಿ ಈರಮ್ಮ ದೂರದಿಂದ ಬಂದವರು ಯಾರೇ ಇರಲಿ, ಮಗ್ಗದ ಮುಂದೆ ಗದ್ದಿಗೆ ಕಂಬಳಿ ಹಾಸುತ್ತಿದ್ದಳು. ಬಿಳಿ ಅಂಚಿನ ಕರಿ ಕಂಬಳಿ, ಅವಳ ಮಾವ ನೇಯ್ದದ್ದು. ಕೇರಿಯ ನ್ಯಾಯ ತೀರ್ಮಾನವೆಲ್ಲ ಅದರ ಮೇಲೆ ಕೂತೇ ಆಗುವುದು. ಅದರ ಮೇಲೆ ಕೂತವನು ಸುಳ್ಳಾಡಬಾರದು, ಆಡಿದ ಮಾತನ್ನು ನಡೆಸದೆ ಏಳಬಾರದು. ಒಮ್ಮೆ ಮಾದಣ್ಣ ಎಂಬುವನು ಪಕ್ಕದವನ ಟಗರನ್ನು ತನ್ನದೆಂದು ಅದರ ಮೇಲೆ ಕೂತು ಹೇಳಿದನಂತೆ, ವಾರದೊಳಗೆ ಟಗರು ಸತ್ತಿತಂತೆ. ಟಗರಿಗೆ ವಯಸ್ಸಾಗಿತ್ತು ಎನ್ನುವವರೂ ಇದ್ದಾರೆ. ಆದರೂ ಪರೀಕ್ಷೆ ಮಾಡಿ ನೋಡುವ ಧೈರ್ಯ ನನಗಿರಲಿಲ್ಲ. ಬಂದವರೆಲ್ಲ ಕೂರುತ್ತಿದ್ದರು, ನಾನು ಮಾತ್ರ ಅಂಚು ಮುಟ್ಟದೆ ದೂರ ನಿಂತೇ ಮಾತಾಡುತ್ತಿದ್ದೆ. ಬಂದವರ ಸುಳ್ಳಿನ ಗತಿ ಏನು ಎಂದು ಈರಮ್ಮನನ್ನು ಒಮ್ಮೆ ಕೇಳಿದ್ದೆ. ಅರ್ಥವಾಗದ ಭಾಷೆಗೆ ಕಂಬಳಿ ಜವಾಬ್ದಾರಿಯಲ್ಲ ಎಂದು ಅವಳು ತೀರ್ಪು ಕೊಟ್ಟಿದ್ದಳು.

ಅಲ್ಲಿ ನಾನು ಹೇಳುತ್ತಿದ್ದ ಸುಳ್ಳು ಸಣ್ಣದಲ್ಲ. ಬೀರಯ್ಯ ಮಗ್ಗದ ಗುಂಡಿಯಲ್ಲಿ ಕಾಲಿಳಿಸಿ ಕೂತರೆ ತಲೆ ಎತ್ತುವವನಲ್ಲ, ತುಟಿ ಬಿಚ್ಚುವವನಲ್ಲ. ಮೊದಲ ವರ್ಷವೇ ಒಬ್ಬ ಮಲಯಾಳಿ ದೊರೆ, ಇವನೇಕೆ ಮಾತಾಡುವುದಿಲ್ಲ ಎಂದು ಕೇಳಿದ. ಇವನು ಹುಟ್ಟುಮೂಗ ಸಾರ್, ಹೇಳಬೇಕಾದದ್ದನ್ನೆಲ್ಲ ಉಣ್ಣೆಯಲ್ಲಿ ಹೇಳುತ್ತಾನೆ ಎಂದುಬಿಟ್ಟೆ. ಆ ದೊರೆಯ ಹೆಂಡತಿಗೆ ಕಣ್ಣೀರು ಬಂದು ಎರಡು ಕಂಬಳಿ ಕೊಂಡಳು. ಅಂಥ ಮಾತನ್ನು ಆಮೇಲೆ ಬಿಡುವುದಾದರೂ ಹೇಗೆ? ಬೀರಯ್ಯನಿಗೆ ಕನ್ನಡ ಬಿಟ್ಟು ಬೇರೆ ಬರುವುದಿಲ್ಲ. ನಾನು ಅವನ ಎದುರಿಗೇ ಅವನನ್ನು ಮೂಗ ಮಾಡುತ್ತಿದ್ದೆ, ಅವನು ತನ್ನ ಪಾಡಿಗೆ ಲಾಳಿ ಎಸೆಯುತ್ತಿದ್ದ. ನಾವಿಬ್ಬರೂ ಒಂದೇ ಓರಗೆಯವರು, ಚಿಕ್ಕಂದಿನಲ್ಲಿ ಒಂದೇ ಕೆರೆಯಲ್ಲಿ ಈಜಿದವರು. ಅದೂ ನನ್ನ ಬಾಯಿಗೆ ಅಡ್ಡ ಬರಲಿಲ್ಲ.

ಐವತ್ತೇಳನೇ ಇಸವಿಯ ಬೇಸಿಗೆಯಲ್ಲಿ ಬೊಂಬಾಯಿಯ ಒಬ್ಬ ಪಾರ್ಸಿ ಹೆಂಗಸು ಬಂದು ಹೋದಳು. ಅವಳು ಸುಮ್ಮನೆ ಹೋಗಲಿಲ್ಲ. ಮೈಸೂರಿನ ಒಂದು ಕಚೇರಿಗೆ ಕಾಗದ ಬರೆದು ನನ್ನನ್ನೂ ಆ ಮೂಗ ನೇಕಾರನನ್ನೂ ಹಾಡಿ ಹೊಗಳಿದಳು. ಕಚೇರಿಯ ಹೆಸರು ಬೇಡ, ಇವತ್ತಿಗೂ ಅವರಿಗೆ ಮುಜುಗರವಾದೀತು. ಊಟಿ ರಸ್ತೆಯ ಪ್ರವಾಸಿಗಳಿಗೆ ಊರು ತೋರಿಸಲು ಸರ್ಕಾರವೇ ಒಬ್ಬನನ್ನು ನೇಮಿಸಬೇಕೆಂದಿದೆ, ಪರಿಶೀಲನೆಗೆ ಅಧಿಕಾರಿಗಳು ಬರುತ್ತಾರೆ ಎಂದು ನನಗೆ ಕಾಗದ ಬಂತು. ಖಾಕಿ ಕೋಟು ಕೊಡುತ್ತಾರೆ. ಎದೆಯ ಮೇಲೆ ಹಿತ್ತಾಳೆ ಬಿಲ್ಲೆ ಕೊಡುತ್ತಾರೆ.

ಆ ಬಿಲ್ಲೆ ನನಗೆ ಎಷ್ಟು ಬೇಕಾಗಿತ್ತು ಎಂದು ಹೇಳಿದರೆ ನಾಚಿಕೆಯಾಗುತ್ತದೆ. ಬಸ್‌ಸ್ಟ್ಯಾಂಡಿನಲ್ಲಿ ನನ್ನನ್ನು ಎಲ್ಲರೂ ಕರೆಯುತ್ತಿದ್ದದ್ದು ದಲ್ಲಾಳಿ ಎಂದು. ಬಿಲ್ಲೆ ಇದ್ದವನ ಮಾತನ್ನು ಅರ್ಧಕ್ಕೆ ತುಂಡು ಮಾಡುವವರಿಲ್ಲ. ಹೆಂಡತಿಯೂ ಹಿತ್ತಲಿಗೆ ಹೋಗುವ ಮುಂಚೆ ಒಂದು ಸಲ ಯೋಚಿಸಿಯಾಳು. ಒಂದು ತಿಂಗಳು ನಾನು ನಿದ್ದೆಯಲ್ಲೂ ಆ ಬಿಲ್ಲೆ ಉಜ್ಜಿದೆ.

ಅಧಿಕಾರಿ ನೀಲಕಂಠಸ್ವಾಮಿಯವರು ರೈಲಿನಲ್ಲಿ ಚಾಮರಾಜನಗರಕ್ಕೆ ಬಂದರು. ನಾನು ಮುಂಜಾನೆಯೇ ಅಲ್ಲಿಗೆ ಹೋಗಿ ಸ್ಟೇಷನ್ನಿನಲ್ಲಿ ಹಾರ ಹಿಡಿದು ನಿಂತಿದ್ದೆ. ದಪ್ಪ ಮನುಷ್ಯ, ಒಳ್ಳೆಯ ನಗು, ಕೆಟ್ಟ ಮಂಡಿ. ಮೊದಲು ರೇಷ್ಮೆ ನೂಲು ಬಿಚ್ಚುವ ಕಡೆ ಕರೆದುಕೊಂಡು ಹೋದೆ. ಬೇಯುವ ಗೂಡಿನ ವಾಸನೆಗೆ ಅವರು ಮೂಗಿಗೆ ಕರವಸ್ತ್ರ ಹಿಡಿದರು. ಈ ವಾಸನೆ ನೆಗಡಿಗೆ ರಾಮಬಾಣ, ಬಿಳಿಯರು ಇಲ್ಲಿಗೆ ಬಂದು ಉಸಿರೆಳೆದುಕೊಂಡು ಹೋಗುತ್ತಿದ್ದರು ಎಂದೆ. ಕರವಸ್ತ್ರ ತೆಗೆದು ಅವರೂ ಎರಡು ಸಲ ಎಳೆದುಕೊಂಡರು. ದಿನ ಚೆನ್ನಾಗಿದೆ ಎಂದುಕೊಂಡೆ.

ಬಸ್ಸಿನಲ್ಲಿ ಗುಂಡ್ಲುಪೇಟೆಗೆ ಬಂದೆವು. ಗುಡಿಯಲ್ಲಿ ಸುರಂಗದ ಬಾಯಿ ಎಲ್ಲಿ ಎಂದು ಕೇಳಿದರು, ಒಂದು ಒಡೆದ ಚಪ್ಪಡಿ ತೋರಿಸಿದೆ. ಮರಿಮಲ್ಲಪ್ಪನ ಅಂಗಡಿಯಲ್ಲಿ ಮಂಡಿಗಾಗಿ ಒಂದು ಚೆಂಬು ಕೊಂಡರು. ಎಲ್ಲ ಸರಿ, ಆದರೆ ಮುಂದಿನದು ಬೀರಯ್ಯನ ಮನೆ. ಈ ಮನುಷ್ಯ ಅಪ್ಪಟ ಕನ್ನಡದವನು. ದಾರಿಯುದ್ದಕ್ಕೂ ಆ ಮೂಗನನ್ನು ನೋಡಬೇಕು, ಮೂಗನನ್ನು ನೋಡಬೇಕು ಎನ್ನುತ್ತಿದ್ದರು. ಬೀರಯ್ಯನ ಮುಂದೆ ಅದನ್ನೇ ಕನ್ನಡದಲ್ಲಿ ಅಂದರೆ ನನ್ನ ಗತಿ? ಮಗ್ಗ ಕೆಟ್ಟಿದೆ ಎಂದೆ, ಕೆಟ್ಟ ಮಗ್ಗವನ್ನೇ ನೋಡೋಣ ಎಂದರು. ಕೇರಿಯಲ್ಲಿ ನಾಯಿಕಾಟ ಎಂದೆ, ನಾಯಿ ಎಂದರೆ ತಮಗೆ ಪ್ರಾಣ ಎಂದರು. ಕೊನೆಗೆ ಅವರ ಕಿವಿಯಲ್ಲಿ, ಅವನ ಎದುರು ಮೂಗ ಅನ್ನಬೇಡಿ ಸ್ವಾಮಿ, ನೊಂದುಕೊಳ್ಳುತ್ತಾನೆ ಎಂದೆ. ಹುಟ್ಟುಮೂಗರಿಗೆ ಕಿವಿಯೂ ಕೇಳುವುದಿಲ್ಲ ಕಣ್ರೀ ಎಂದು ಅವರು ನನಗೇ ಪಾಠ ಹೇಳಿದರು.

ಹುಣಸೆಬೀಜದ ಗಂಜಿ ಹಚ್ಚಿದ ಉಣ್ಣೆಯ ಹುಳಿವಾಸನೆ ಬೀದಿಗೇ ಹೊಡೆಯುತ್ತಿತ್ತು. ಅಧಿಕಾರಿ ಬಂದರೆಂದು ಕೇರಿಯ ಹತ್ತು ಹದಿನೈದು ಜನ ಜಗಲಿಯ ಮೇಲೆ ಸೇರಿದರು. ಈರಮ್ಮ ಗದ್ದಿಗೆ ಕಂಬಳಿ ಹಾಸಿ ಮಜ್ಜಿಗೆ ತರಲು ಒಳಗೆ ಹೋದಳು. ನೀಲಕಂಠಸ್ವಾಮಿಯವರು ಮಂಡಿ ಹಿಡಿದುಕೊಂಡು ನಿಧಾನವಾಗಿ ಕೂತರು. ಆಮೇಲೆ ಪಕ್ಕದ ಜಾಗ ತಟ್ಟಿ ನನ್ನನ್ನೂ ಕರೆದರು. ನಿಂತೇ ಅಭ್ಯಾಸ ಸ್ವಾಮಿ ಎಂದೆ. ಅವರು ನನ್ನ ಪಂಚೆಯ ಚುಂಗು ಹಿಡಿದು ಎಳೆದರು. ಬಿಲ್ಲೆ ಕೊಡುವ ಕೈಯನ್ನು ಕೊಡವುವುದಕ್ಕಾಗುತ್ತದೆಯೇ? ಕೂತೆ. ನಾಲ್ಕು ವರ್ಷದಲ್ಲಿ ಮೊದಲ ಸಲ ಕೂತೆ. ಜಗಲಿಯ ಮೇಲಿನವರೆಲ್ಲ ಕತ್ತು ಚಾಚಿದರು.

ಅವರು ಬೀರಯ್ಯನತ್ತ ಬೆರಳು ತೋರಿಸಿ, ಗಟ್ಟಿಯಾಗಿ, ಅಚ್ಚ ಕನ್ನಡದಲ್ಲಿ ಕೇಳಿದರು.

"ಇವನು ಹುಟ್ಟಿದಾಗಿನಿಂದಲೇ ಮೂಗನೇನ್ರೀ?"

ಲಾಳಿ ನಿಂತಿತು. ಈರಮ್ಮ ಮಜ್ಜಿಗೆ ಚೆಂಬು ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಹೌದು ಎಂದರೆ ಬಿಲ್ಲೆ ನನ್ನದು. ಒಂದೇ ಮಾತು. ನಾಲಿಗೆಯ ತುದಿಗೆ ಬಂದಿತ್ತು ಕೂಡ. ನನ್ನ ಮನೆಯಲ್ಲಿ ಸಾಯಲು ಟಗರೂ ಇರಲಿಲ್ಲ. ಆದರೆ ತೊಡೆಯ ಕೆಳಗೆ ಆ ಉಣ್ಣೆ ಚುಚ್ಚುತ್ತಿತ್ತು, ಬೀರಯ್ಯ ತಲೆ ಎತ್ತಿ ನನ್ನನ್ನೇ ನೋಡುತ್ತಿದ್ದ.

"ಇಲ್ಲ ಸ್ವಾಮಿ," ಎಂದೆ. "ಇವನು ಮೂಗನಲ್ಲ. ನಾಲ್ಕು ವರ್ಷದಿಂದ ಇವನನ್ನ ಮೂಗ ಅಂತ ಹೇಳ್ಕಂಡು ನಾನು ಹೊಟ್ಟೆ ಹೊರೀತಿದೀನಿ."

ಒಂದು ಬಿಚ್ಚಿದ ಮೇಲೆ ಉಳಿದದ್ದೂ ತಾನಾಗಿಯೇ ಬಂತು. ಸುರಂಗವಿಲ್ಲ ಎಂದೆ. ಆ ಚಪ್ಪಡಿಯ ಕೆಳಗೆ ಚೇಳಿದೆ ಎಂದೆ. ಚೆಂಬಿಗೂ ಮಂಡಿಗೂ ಸಂಬಂಧವಿಲ್ಲ, ರೇಷ್ಮೆಗೂಡಿನ ವಾಸನೆಯಿಂದ ತಲೆನೋವು ಬರುತ್ತದೆಯೇ ಹೊರತು ನೆಗಡಿ ಹೋಗುವುದಿಲ್ಲ ಎಂದೆ. ಜಗಲಿಯ ಮೇಲೆ ಯಾರೋ ಕಿಸಕ್ಕನೆ ನಕ್ಕರು. ಬೀರಯ್ಯ ಮಾತ್ರ ನಗಲೂ ಇಲ್ಲ, ಬೈಯಲೂ ಇಲ್ಲ. ತಲೆ ತಗ್ಗಿಸಿ ಮತ್ತೆ ಲಾಳಿ ಹಿಡಿದ. ಎದ್ದು ಬಂದು ಕಪಾಳಕ್ಕೆ ಹೊಡೆದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ನೀಲಕಂಠಸ್ವಾಮಿಯವರು ನನ್ನನ್ನು ನೋಡಿದರು, ಚೆಂಬನ್ನು ನೋಡಿದರು, ಹೊಟ್ಟೆ ಕುಲುಕಿಸಿ ನಕ್ಕರು. ಇಂಥ ಪ್ರಾಮಾಣಿಕ ಮನುಷ್ಯನನ್ನು ತಮ್ಮ ಸರ್ವೀಸಿನಲ್ಲೇ ನೋಡಿಲ್ಲ ಎಂದರು. ಆಮೇಲೆ ನನ್ನ ಬೆನ್ನು ತಟ್ಟಿ ಜಗಲಿಯವರಿಗೆಲ್ಲ ಕೇಳುವಂತೆ ಹೇಳಿದರು.

"ಈ ಕೆಲಸ ಇವರಿಗೇ. ಬಿಲ್ಲೆ ಇವರಿಗೇ. ನಾನು ಮಾತು ಕೊಟ್ಟಿದೀನಿ."

ನನ್ನ ಕಿವಿಯನ್ನು ನಾನೇ ನಂಬಲಿಲ್ಲ. ನಿಜ ಹೇಳಿದರೂ ಲಾಭವಾಗುವ ದೇಶವೇ ಇದು ಎಂದು ಎದೆ ಉಬ್ಬಿತು. ಅಷ್ಟರಲ್ಲಿ ಈರಮ್ಮ ಒಳಗಿನಿಂದ ದೇವರ ಭಂಡಾರದ ಅರಿಸಿನ ತಂದು ಅವರ ಹಣೆಗೆ ದಪ್ಪಗೆ ಬಳಿದಳು. ಏನಮ್ಮ ಇದು ಎಂದು ಕೇಳಿದರು.

"ಗದ್ದಿಗೆ ಮ್ಯಾಲೆ ಕೂತ್ಕಂಡು ಮಾತು ಕೊಟ್ರಲ್ಲ ಬುದ್ಧಿ, ಅದ್ಕೆ," ಎಂದಳು ಈರಮ್ಮ. "ಇದ್ರ ಮ್ಯಾಲೆ ಆಡಿದ್ ಮಾತು ನಡೀನೇಬೇಕು. ನಡೀನಿಲ್ಲ ಅಂದ್ರೆ ಮನೇಲಿ ಉಸಿರಾಡೋ ಜೀವ ಒಂದು ಓಯ್ತದೆ."

ಅವರು ಜಗಲಿಯತ್ತ ನೋಡಿದರು. ಹದಿನೈದು ತಲೆ ಒಟ್ಟಿಗೆ ಹೌದೆಂದು ಆಡಿದವು. ಅವರ ಮುಖದ ನಗು ಇಳಿಯಿತು. ಮನೆಯಲ್ಲಿ ಒಂದು ಜರ್ಸಿ ಹಸು ಇದೆಯೆಂದು, ಮೊನ್ನೆ ತಾನೇ ಕೊಂಡದ್ದೆಂದು ತಮಗೆ ತಾವೇ ಗೊಣಗಿಕೊಂಡರು. ಹಣೆಯ ಬೆವರು ಅರಿಸಿನದ ಮೇಲೆ ಹರಿದು ಮೂಗಿನ ತುದಿಗೆ ಬಂತು. ಮೈಸೂರಿನಲ್ಲಿ ಕಾಲೇಜು ಓದಿ, ಫೈಲಿಗೆ ಸಹಿ ಹಾಕುವ ಮನುಷ್ಯ ಒಂದು ಕಂಬಳಿಗೆ ಹೆದರಿದ್ದನ್ನು ನಾನು ಕಣ್ಣಾರೆ ಕಂಡೆ.

ಕೊನೆಗೆ ನನ್ನ ಕಡೆ ತಿರುಗದೆ, ತಗ್ಗಿದ ದನಿಯಲ್ಲಿ ಹೇಳಿದರು. ಆ ಕೆಲಸ ಆಗಲೇ ತುಂಬಿದೆಯಂತೆ. ಮೇಲಿನ ಅಧಿಕಾರಿಯ ಹೆಂಡತಿಯ ತಮ್ಮನಿಗೆ ಹೋದ ತಿಂಗಳೇ ಆರ್ಡರಾಗಿದೆಯಂತೆ. ಅವನು ಗುಂಡ್ಲುಪೇಟೆಯನ್ನು ಕಂಡವನೂ ಅಲ್ಲ. ಪರಿಶೀಲನೆ ಎಂದು ಕಾಗದದಲ್ಲಿ ತೋರಿಸಲೇಬೇಕಲ್ಲ, ಅದಕ್ಕೆಂದು ಇವರನ್ನು ಕಳಿಸಿದ್ದಾರೆ. ಇವರಿಗೂ ಬಂಡೀಪುರದ ಆನೆ ನೋಡುವ ಆಸೆಯಿತ್ತು, ಬಂದರು.

ಬೈಯಬೇಕೆನಿಸಿತು. ಆದರೆ ಬೆಳಗಿನಿಂದ ಆ ಮನುಷ್ಯನಿಗೆ ನಾನು ಉಣಿಸಿದ್ದಕ್ಕಿಂತ ದೊಡ್ಡ ಸುಳ್ಳನ್ನೇನೂ ಅವರು ನನಗೆ ಉಣಿಸಿರಲಿಲ್ಲ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಮಜ್ಜಿಗೆ ಕುಡಿದೆವು. ಆಡಿದ ಮಾತನ್ನು ಒಪ್ಪಿಕೊಂಡು ವಾಪಸು ತೆಗೆದುಕೊಂಡದ್ದರಿಂದ ಹಸುವಿಗೆ ಭಯವಿಲ್ಲ ಎಂದು ಈರಮ್ಮ ಅಭಯ ಕೊಟ್ಟಳು. ಅವರು ಎದ್ದು, ಚೆಂಬನ್ನು ಬಗಲಲ್ಲಿ ಇಟ್ಟುಕೊಂಡು, ಬಂಡೀಪುರದ ಕಡೆ ಹೋಗುವ ಲಾರಿಯೊಂದನ್ನು ಹತ್ತಿ ಹೋದರು. ಜಗಲಿಯೂ ಖಾಲಿಯಾಯಿತು. ಈ ಸುದ್ದಿ ನನಗಿಂತ ಮುಂಚೆ ಬಸ್‌ಸ್ಟ್ಯಾಂಡು ಮುಟ್ಟುತ್ತದೆಂದು ಗೊತ್ತಿತ್ತು. ನಾನು ಕೂತಲ್ಲೇ ಕೂತಿದ್ದೆ. ಬಿಲ್ಲೆ ಹೋಯಿತು, ಮರ್ಯಾದೆ ಹೋಯಿತು, ಗೆಳೆಯನೂ ಹೋದ ಎಂದು ಲೆಕ್ಕ ಹಾಕುತ್ತಿದ್ದೆ.

ಬೀರಯ್ಯ ಮಗ್ಗದ ಗುಂಡಿಯಿಂದ ಎದ್ದು ಬಂದ. ಕೈಗೆ ಅಂಟಿದ ಉಣ್ಣೆ ಒರೆಸಿಕೊಂಡು, ನನ್ನ ಎದುರಿಗೆ ಗದ್ದಿಗೆ ಕಂಬಳಿಯ ಮೇಲೆ ಕೂತ.

"ನನ್ನ ಮೂಗ ಅಂತ ನೀ ಯೋಳ್ತಿದ್ದುದ್ದು ನಂಗೊತ್ತಿತ್ತು ಕಣಣ್ಣ," ಎಂದ. "ಬಂದೋರೆಲ್ಲ ನನ್ನ ಮುಂದೆ ಕೈಸನ್ನೆ ಮಾಡೋರು. ಅಷ್ಟೂ ತಿಳಿಯದೇ ಇರ್ತದಾ?"

ಮತ್ತೆ ಇಷ್ಟು ವರ್ಷ ಯಾಕೆ ಸುಮ್ಮನಿದ್ದೆ ಎಂದು ಕೇಳಿದೆ.

"ಊರಾಗೆ ನಿನ್ ಮಾತ್ನ ಯಾರೂ ಕೇಳಕಿಲ್ಲ," ಎಂದ ಬೀರಯ್ಯ. "ಅವ್ರು ಕೇಳೋರು. ಆಗ ನಿನ್ ಮೊಕ ನೋಡಕ್ಕೆ ಬಲೇ ಚೆಂದಾಗಿರ್ತಿತ್ತು. ನಾ ಬಾಯ್ ಬುಟ್ಟಿದ್ರೆ ಅದು ಓಗ್ಬುಡ್ತಿತ್ತು. ಅದ್ಕೆ ಮುಚ್ಕಂಡಿದ್ದೆ."

ಕೂತ ಜಾಗ ಅಂಥದು, ಅವನು ಹೇಳಿದ್ದು ನಿಜವೇ. ನಾಲ್ಕು ವರ್ಷ ನಾನು ಅವನನ್ನು ತೋರಿಸುವ ವಸ್ತು ಮಾಡಿಕೊಂಡಿದ್ದೆ. ನಾಲ್ಕು ವರ್ಷ ಅವನು ನನ್ನ ಸಂತೋಷಕ್ಕೆಂದು ಪರವೂರಿನವರ ಮುಂದೆ ಮೂಗನಾಗಿ ಕೂತಿದ್ದ. ನನಗೆ ಅಳು ಬಂತು. ಪಂಚೆಯ ಚುಂಗಿನಿಂದ ಮುಖ ಒರೆಸಿಕೊಂಡೆ. ಬಿಲ್ಲೆಯ ಆಸೆ ಆ ಕ್ಷಣಕ್ಕೆ ಹೋಯಿತೆಂದು ಹೇಳಿದರೆ ಸುಳ್ಳಾಗುತ್ತದೆ, ಅದು ಇತ್ತು. ಆದರೆ ಅದಕ್ಕಿಂತ ಮುಂಚೆ ಆಗಬೇಕಾದ ಒಂದು ಕೆಲಸ ಬಾಕಿಯಿತ್ತು.

ಈ ಕಂಬಳಿಯನ್ನು ಹೇಗೆ ನೇಯುತ್ತೀಯೋ ಬೀರಯ್ಯ ಎಂದು ಕೇಳಿದೆ. ಅಷ್ಟು ಜನರಿಗೆ ಅವನ ಮಗ್ಗ ತೋರಿಸಿದವನು, ಇದನ್ನು ಅವನನ್ನು ಒಂದು ದಿನವೂ ಕೇಳಿರಲಿಲ್ಲ. ಅವನು ಕಂಬಳಿಯ ಬಿಳಿ ಅಂಚನ್ನು ಬೆರಳಲ್ಲಿ ಹಿಡಿದ. ಆಮೇಲೆ ಕುರಿಯ ಉಣ್ಣೆ ಕತ್ತರಿಸುವಲ್ಲಿಂದ ಹೇಳಲು ಶುರುಮಾಡಿದ. ಊಟಿಗೆ ಹೋಗುವ ಸಂಜೆ ಬಸ್ಸು ಬಂದು ಎರಡು ಸಲ ಹಾರನ್ ಹೊಡೆಯಿತು, ನಾನು ಏಳಲಿಲ್ಲ.